ಹಳೆಯ ಯುದ್ಧದ ಟೇಪು, ಈಗ ಕೆಟ್ಟ ನಿದ್ದೆ

(ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬರ ಕತೆ ಇದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಧಾರವಾಡ ಕಡೆಯವರು, ಮುಂಬೈ ಹತ್ತಿರ ಡೊಂಬಿವಲಿಯಲ್ಲಿ ಮನೆ. 1999ರ ಕಾರ್ಗಿಲ್ ಯುದ್ಧದಲ್ಲಿ ಸುದ್ದಿವಾಹಿನಿಯೊಂದಕ್ಕೆ ಕ್ಯಾಮೆರಾ ಹಿಡಿದವರು. ಆಮೇಲೆ ಸುದ್ದಿ ಬಿಟ್ಟು ಸಾಕ್ಷ್ಯಚಿತ್ರಕ್ಕೆ ಬಂದರು. ಗಿರಣಿ ಕಾರ್ಮಿಕರು, ಮೀನುಗಾರರ ಮೇಲೆ ಒಳ್ಳೆ ಕೆಲಸ ಮಾಡಿದ್ದಾರೆ. ಈಗ ಆ ಯುದ್ಧದ ಟೇಪುಗಳಿಂದಲೇ ಚಿತ್ರ ಮಾಡಲು ಹೊರಟಿದ್ದಾರೆ. ಎಡಿಟಿಂಗ್‌ಗೆ ಕೂತ ಮೇಲೆ ನಿದ್ದೆ ಹೋಯಿತು. ಪಟಾಕಿ ಸದ್ದಿಗೆ ಬೆವರುತ್ತಾರೆ, ಮನೆಯಲ್ಲಿ ರೇಗುತ್ತಾರೆ. ಕರೆತಂದವರು ಹೆಂಡತಿ.

"ಇಷ್ಟು ವರ್ಷ ಏನೂ ಆಗಿಲ್ರಿ ಮೇಡಂ, ಈಗ್ಯಾಕ?" ಅಂದರು.

ಉತ್ತರ ಅವರ ಮಾತಿನಲ್ಲೇ ಇತ್ತು. ಆಗ ಟಿವಿ ಸುದ್ದಿಗೆ ಬಳಸುತ್ತಿದ್ದ ಅವರ ಬೀಟಾಕ್ಯಾಮ್ ಟೇಪ್ ಕ್ಯಾಮೆರಾದ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಕಪ್ಪು-ಬಿಳುಪು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ರಬ್ಬರಿಗೆ ಒತ್ತಿ ನೋಡಿದ್ದು ಪುಟ್ಟ ಚಿತ್ರ. ಗಮನವೆಲ್ಲ ಫೋಕಸ್ ಮೇಲೆ. "ಸ್ಟ್ರೆಚರ್ ಮ್ಯಾಲಿನ ಹುಡುಗನ ರಕ್ತ ಅವತ್ತು ಬೂದು ಕಂಡಿತ್ರಿ. ಈಗ ಮಾನಿಟರಿನ್ಯಾಗ ಕೆಂಪು ಕಾಣ್ತೈತಿ." ಆಗ ಕೆಲಸವೇ ಅವರಿಗೆ ಗುರಾಣಿ. ಎಡಿಟಿಂಗ್ ಕೋಣೆಯಲ್ಲಿ ಅದಿಲ್ಲ, ಒಂದೇ ಶಾಟನ್ನು ಹಿಂದೆ ಮುಂದೆ ಓಡಿಸಿ ನೋಡಬೇಕು.

ಇಂಥ ದೃಶ್ಯಗಳನ್ನು ಕೆಲಸಕ್ಕಾಗಿ ಪದೇ ಪದೇ ನೋಡಿದರೂ ಮಾನಸಿಕ ಆಘಾತದ ಕಾಯಿಲೆ (ಪಿಟಿಎಸ್‌ಡಿ) ಬರಬಹುದು ಎಂದು ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲೇ ಒಪ್ಪಿದೆ. ಇದನ್ನು ಹೇಳಿದಾಗ ಅವರಿಗೆ ಉಸಿರು ಬಂದಂತಾಯಿತು. ಪಾಪ, ತಾನು ಪುಕ್ಕಲ ಅಂದುಕೊಂಡಿದ್ದರು.

ಚಿತ್ರ ಬಿಡಿ ಅನ್ನಲಿಲ್ಲ. ಬಿಡಿಸಿದ್ದರೆ ಇನ್ನಷ್ಟು ಕುಗ್ಗುತ್ತಿದ್ದರು. ನೋಡುವ ರೀತಿ ಬದಲಿಸಿ ಅಂದೆ. ರಾತ್ರಿ ಎಡಿಟಿಂಗ್ ಬೇಡ. ಯಾವ ಟೇಪಿನಲ್ಲಿ ಏನಿದೆ ಎಂದು ಸಹಾಯಕ ಮೊದಲೇ ಬರೆದಿಡಲಿ (ಆ ಸಹಾಯಕನಿಗೂ ನಡುನಡುವೆ ಬಿಡುವು ಬೇಕು, ಅಲ್ವಾ?). ಕಷ್ಟದ ಶಾಟನ್ನು ಬಣ್ಣ ತೆಗೆದು, ಸದ್ದು ನಿಲ್ಲಿಸಿ, ಸಣ್ಣದಾಗಿ ನೋಡಿ. ಬೇಕಾದಷ್ಟೇ ನೋಡಿ. ಎದುರಿಸಿ ಗೆಲ್ತೀನಿ ಅಂತ ಸುಮ್ನೆ ನೋಡುತ್ತಾ ಕೂರುವುದರಿಂದ ಗಾಯ ಕೆದಕಿದಂತಾಗುತ್ತದೆ.

ಜಾಸ್ತಿ ಕಾಡುತ್ತಿದ್ದುದು ಸ್ಟ್ರೆಚರ್ ಮೇಲಿನ ಆ ಹುಡುಗನ ಮುಖ. ತೋರಿಸಬೇಕೋ ಬೇಡವೋ? ಇದನ್ನು ಒಬ್ಬರೇ ಹೊರಬೇಡಿ, ಅವನ ಮನೆಯವರನ್ನು ಕೇಳಿ ಅಂದೆ. ಅವರು ಬೇಡ ಅಂದರೆ ಬೇಡ. ಅವರು ಸಿಗದಿದ್ದರೆ ಮುಖವಿಲ್ಲದ ಶಾಟ್ ಸಾಕು.

ತೊಂದರೆ ತಿಂಗಳು ಮೀರಿದ್ದರಿಂದ ಮನೋವೈದ್ಯರ ಹತ್ತಿರ ಕಳಿಸಿದೆ. ಚಿಕಿತ್ಸೆ ನಡೆಯುತ್ತಿದೆ. ನಡುರಾತ್ರಿ ತಳಮಳವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ ಅಂದಿದ್ದೇನೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಹುಡುಗನ ಊರು ಪತ್ತೆಯಾಗಿದೆ. ಕ್ಯಾಮೆರಾ ಮನೆಯಲ್ಲಿಟ್ಟು, ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಅಂದಿದ್ದೇನೆ.