ಕುಮನ್ ಭಾಷೆ ಪೂರ್ತಿ ಅಳಿದಿದೆಯಾ? ಈಗಿನ ಆಡುಮಾತುಗಳಲ್ಲಿ ಅದರ ಕುರುಹು ಇದೆಯಾ?

ಅಳಿದಿದೆ. ಕುರುಹೂ ಇದೆ, ಆದರೆ ಜನ ಹುಡುಕುವ ಜಾಗದಲ್ಲಿ ಕಡಿಮೆ.

ಕುಮನ್ನರು ಕಪ್ಪು ಸಮುದ್ರದ ಉತ್ತರಕ್ಕಿರುವ ಹುಲ್ಲುಗಾವಲುಗಳಲ್ಲಿ ದನ ಕುದುರೆ ಮೇಯಿಸಿಕೊಂಡಿದ್ದ ತುರ್ಕಿಕ್ ಜನ, ಅಂದರೆ ಟರ್ಕಿಶ್‌ಗೆ ನೆಂಟಾದ ಮಾತು ಆಡುತ್ತಿದ್ದವರು. ಮಂಗೋಲರು ಬೆನ್ನಟ್ಟಿದಾಗ, 1239ರಲ್ಲಿ, ದೊಡ್ಡದೊಂದು ಗುಂಪು ಹಂಗೇರಿಗೆ ಬಂತು. ರಾಜ ನಾಲ್ಕನೇ ಬೇಲಾ ಆಶ್ರಯ ಕೊಟ್ಟ. ಅವರು ನೆಲೆಯೂರಿದ ಸೀಮೆಗೆ ಇಂದಿಗೂ ಕುನ್‌ಶಾಗ್ ಅಂತಲೇ ಹೆಸರು (ಹಂಗೇರಿಯನ್‌ನಲ್ಲಿ 'ಕುನ್' ಅಂದರೆ ಕುಮನ್). ಅಲ್ಲಿನ ಕರ್ತ್ಸಗ್ ಊರಿನ ಇಶ್ತ್ವಾನ್ ವರ್ರೋ 1770ರಲ್ಲಿ ತೀರಿಕೊಂಡರು. ಕುಮನ್ ಬಲ್ಲ ಕೊನೆಯವರು ಅವರೇ ಅಂತ ಲೆಕ್ಕ.

ಮಾತು ಹೋದ ಮೇಲೂ ಒಂದು ಪ್ರಾರ್ಥನೆ ಉಳಿಯಿತು: ಕ್ರೈಸ್ತರ 'ಪರಲೋಕದಲ್ಲಿರುವ ನಮ್ಮ ತಂದೆಯೇ'. 'ಬೆಝೆನ್ ಅತ್ತಮಾಝ್ ಕೆನ್‌ಝೆ ಕಿಕ್ತೆ' ಅಂತ ಶುರುವಾಗುತ್ತೆ. ನನಗೆ ಬರೋದು ಅಲ್ಪಸ್ವಲ್ಪ ಟರ್ಕಿಶ್, ಆದರೂ 'ಅತ್ತಮಾಝ್' ಅಂದರೆ 'ಅತಾಮಿಜ್', ನಮ್ಮ ಅಪ್ಪ. 'ಕಿಕ್ತೆ' ಅಂದರೆ 'ಗೋಕ್ತೆ', ಆಕಾಶದಲ್ಲಿ ಅಂತ ಹೊಳೆಯಿತು. ಉಳಿದದ್ದು ಸವೆದುಹೋಗಿದೆ. ಅರ್ಥ ಗೊತ್ತಿಲ್ಲದೆ ತಲೆಮಾರುಗಟ್ಟಲೆ ಬಾಯಿಪಾಠ ಮಾಡಿದ್ದಲ್ಲವೇ? ನಮ್ಮ ಮನೆಗಳಲ್ಲಿ ಮಕ್ಕಳು 'ಶುಕ್ಲಾಂಬರಧರಂ' ಒಪ್ಪಿಸುವಾಗ ಪದಗಳು ಎಲ್ಲೆಲ್ಲೋ ತುಂಡಾಗುತ್ತವಲ್ಲ, ಹಾಗೆ.

ಇನ್ನು ಆಡುಮಾತಿನ ವಿಷಯ. ಕುನ್‌ಶಾಗ್‌ನವರು ಈಗ ಆಡೋದು ಹಂಗೇರಿಯನ್ನೇ. ಅಲ್ಲಿ ವಿಚಿತ್ರವಾಗಿ ಕೇಳಿಸುವ ಪದವೆಲ್ಲ ಕುಮನ್ ಅನ್ನೋದು ಊರಭಿಮಾನದ ಮಾತು, ನಾನಂತೂ ನಂಬಲ್ಲ. ಗಟ್ಟಿಯಾಗಿ ನಿಲ್ಲೋದು ಕೆಲವೇ: ಕುದುರೆ ಹಿಡಿಯುವ ಕುಣಿಕೆಹಗ್ಗ 'ಆರ್ಕಾನ್ಯ್', ಮತ್ತೆ ಊರ ಹೆಸರುಗಳು. ಕರ್ತ್ಸಗ್ ಅನ್ನೋದೇ ಹುಲ್ಲುಗಾವಲಿನ ನರಿಯ ಹೆಸರು, 'ಕರ್ಸಕ್'.

ನಿಜವಾದ ಹೋಲಿಕೆ ಬೇಕಾದರೆ ಕಾಕಸಸ್ ಕಡೆ ನೋಡಿ. ಕುಮಿಕ್, ಕರಾಚಾಯ್-ಬಾಲ್ಕರ್ ಮಾತುಗಳು ಕುಮನ್ ಸೇರಿದ ಕಿಪ್ಚಾಕ್ ಬಳಗದವೇ, ಅದು ತುರ್ಕಿಕ್ ಭಾಷೆಗಳ ಒಂದು ಕವಲು. ಬೆಟ್ಟಕ್ಕೆ ಟರ್ಕಿಶ್‌ನಲ್ಲಿ 'ದಾ' (ಬರೆಯೋದು 'ದಾಗ್' ಅಂತ), ಕುಮಿಕ್‌ನಲ್ಲಿ 'ತವ್'. ತಮಿಳರ 'ಪಾಲ್' ನಮಗೆ 'ಹಾಲು' ಆದಂತೆ, ಪದದ ಕೊನೆಯ 'ಗ' ಈ ಬಳಗದಲ್ಲಿ 'ವ' ಆಗಿದೆ. ಇವು ಕುಮನ್‌ನ ಮಕ್ಕಳಲ್ಲ, ದಾಯಾದಿಗಳು ಅನ್ನಿ.

ಭಾಷೆಯನ್ನೇ ನೋಡಬೇಕು ಅಂದರೆ 'ಕೋಡೆಕ್ಸ್ ಕುಮಾನಿಕುಸ್' ಹಸ್ತಪ್ರತಿ ಇದೆ, ವೆನಿಸ್‌ನಲ್ಲಿ. ಅದರಲ್ಲಿ 1303ರ ತಾರೀಖಿದೆ. ಲ್ಯಾಟಿನ್, ಪರ್ಷಿಯನ್, ಕುಮನ್ ಪದಗಳನ್ನು ಮೂರು ಸಾಲಾಗಿ ಪಕ್ಕಪಕ್ಕ ಬರೆದಿಟ್ಟಿದ್ದಾರೆ. ವ್ಯಾಪಾರಿಗಳಿಗೆ ಕೈಪಿಡಿ ಇದ್ದ ಹಾಗೆ. ಇನ್ನೊಂದು ಭಾಗ ಜರ್ಮನ್ ಪಾದ್ರಿಗಳದು, ನನಗೆ ಇಷ್ಟವಾದದ್ದು ಅದೇ, ಯಾಕಂದರೆ ಅಲ್ಲಿ ಒಗಟುಗಳಿವೆ. ಒಂದು ಹೀಗಿದೆ: ಬಿಳಿ ಗುಡಾರಕ್ಕೆ ಬಾಯಿಲ್ಲ. ಉತ್ತರ 'ಯುಮುರ್ತ್ಕ', ಮೊಟ್ಟೆ. ಇವತ್ತು ಇಸ್ತಾಂಬುಲ್‌ನ ಅಂಗಡಿಯಲ್ಲಿ 'ಯುಮುರ್ತಾ' ಅಂದರೆ ಸಾಕು, ಕಟ್ಟಿ ಕೊಡ್ತಾರೆ.