ನಿಮ್ಮ ಸಲಮಾಂಡರ್ ಇನ್ನೂ ಹಲ್ಲಿಯಾಗಿಯೇ ಉಳಿದಿದೆ

ಪ್ರಿಯ ಲೇಖಕರೇ,

ಶಹಾಪುರದಿಂದ ನೀವು ಕಳಿಸಿದ 'ಬೆಂಕಿಗೆ ಬೆದರದ ಸಲಮಾಂಡರ್' ಓದಿದೆ. ನಿಮ್ಮ ಭಾಷೆ ತಿಳಿಯಾಗಿದೆ, ಮೆಕ್ಸಿಕೊದ ಆಕ್ಸೊಲಾಟಲ್ ಎಂಬ ಸಲಮಾಂಡರ್ ಬಗೆಗಿನ ಪ್ಯಾರಾ ಓದಿಸಿಕೊಂಡು ಹೋಗುತ್ತದೆ. ಯಾದಗಿರಿ ಜಿಲ್ಲೆಯಲ್ಲಿ ಕೂತು ಇಂಥ ಪ್ರಾಣಿಯ ಬೆನ್ನು ಹತ್ತಿದ್ದಕ್ಕೆ ಸಂತೋಷ. ಆದರೂ ಇದ್ದ ಹಾಗೆ ಅಚ್ಚಿಗೆ ಕೊಡಲಾರೆ. ಬರೆಯುವಾಗ ನಿಮ್ಮ ಕಣ್ಣೆದುರು ಇದ್ದದ್ದು ಕಪ್ಪೆಯ ಬಳಗದ ಸಲಮಾಂಡರ್ ಅಲ್ಲ, ಗೋಡೆಯ ಮೇಲಿನ ಹಲ್ಲಿ. ಲೇಖನದ ಮುಖ್ಯ ತಪ್ಪುಗಳೆಲ್ಲ ಅಲ್ಲಿಂದಲೇ ಹುಟ್ಟಿವೆ.

ಎರಡನೇ ಪ್ಯಾರಾದ ಈ ವಾಕ್ಯ ನೋಡಿ: 'ನಮ್ಮ ಚಿಂಚೋಳಿ ಕಾಡಿನಲ್ಲೂ ಕೆಂಪು ಬಾಲದ ಸಲಮಾಂಡರ್ ಕಲ್ಲುಗಳ ಮೇಲೆ ಬಿಸಿಲು ಕಾಯಿಸುತ್ತ ಮಲಗಿರುತ್ತದೆ.'

ಚಿಂಚೋಳಿಯಲ್ಲಿ ಸಲಮಾಂಡರ್ ಇಲ್ಲ. ಕರ್ನಾಟಕದಲ್ಲೇ ಇಲ್ಲ, ಇಡೀ ದಕ್ಷಿಣ ಭಾರತದಲ್ಲೂ ಇಲ್ಲ. ನಮ್ಮ ದೇಶದಲ್ಲಿ ಅದು ಸಿಗುವುದು ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಮಾತ್ರ. ಅಲ್ಲಿರುವುದೂ ಟೈಲೊಟೊಟ್ರೈಟನ್ ಎಂಬ ಒಂದೇ ಕುಲ. ಡಾರ್ಜಿಲಿಂಗ್ ಕಡೆಯದನ್ನು 1871ರಲ್ಲಿ ಹೆಸರಾದ ವೆರುಕೋಸಸ್ ಎಂದೇ ಬಹುಕಾಲ ಕರೆಯುತ್ತಿದ್ದರು; 2015ರಲ್ಲಿ ಹಿಮಾಲಯನಸ್ ಎಂಬ ಬೇರೆ ಜಾತಿಯಾಗಿ ಗುರುತಿಸಿದರು. ಜೋರೆಪೊಖ್ರಿ ಎಂಬ ಪುಟ್ಟ ಅಭಯಾರಣ್ಯವನ್ನು ಈ ಪ್ರಾಣಿಗಾಗಿಯೇ ಮಾಡಿದ್ದಾರೆ. ದಕ್ಷಿಣಕ್ಕೆ ಇವು ಏಕೆ ಬರಲಿಲ್ಲ ಎಂಬುದನ್ನು ನೀವು ಬರೆಯಬೇಕಿತ್ತು. ಸಲಮಾಂಡರ್‌ಗಳು ಉತ್ತರದ ಭೂಖಂಡಗಳಲ್ಲಿ ಬೆಳೆದ ವಂಶ. ನಮ್ಮ ಪರ್ಯಾಯ ದ್ವೀಪ ದಕ್ಷಿಣದ ಭೂಖಂಡದಿಂದ ಒಡೆದು ತೇಲಿಬಂದು ಏಷ್ಯಾಕ್ಕೆ ತಾಗಿದ ನೆಲ. ತಾಗಿದ ಮೇಲೆ ಅವು ಹಿಮಾಲಯದ ಪೂರ್ವದ ಅಂಚಿನವರೆಗೆ ಬಂದವು, ಒಣ ಬಯಲು ದಾಟಲಿಲ್ಲ. ಆಫ್ರಿಕಾದ ಸಹಾರಾದ ದಕ್ಷಿಣಕ್ಕೂ ಆಸ್ಟ್ರೇಲಿಯಾದಲ್ಲೂ ಅವು ಇಲ್ಲದಿರುವುದನ್ನು ಇದರ ಪಕ್ಕದಲ್ಲಿಟ್ಟರೆ ಓದುಗರಿಗೆ ಚಿತ್ರ ಪೂರ್ತಿಯಾಗುತ್ತದೆ.

ಇನ್ನು 'ಬಿಸಿಲು ಕಾಯಿಸುತ್ತ.' ಸಲಮಾಂಡರ್‌ನ ಚರ್ಮಕ್ಕೆ ಹುರುಪೆ ಇಲ್ಲ. ಅದು ತೆಳು, ಸದಾ ಪಸೆ, ತುಂಬ ಗ್ರಂಥಿಗಳು. ನೀರೂ ಆಮ್ಲಜನಕವೂ ಅದರ ಮೂಲಕವೇ ಒಳಹೊರಗೆ ಹೋಗುತ್ತವೆ. ಜಗತ್ತಿನ 800ಕ್ಕೂ ಹೆಚ್ಚು ಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ಲೆಥೊಡಾಂಟಿಡ್ ಕುಟುಂಬಕ್ಕೆ ಸೇರಿದವು. ಅವುಗಳಿಗೆ ಶ್ವಾಸಕೋಶವೇ ಇಲ್ಲ, ಚರ್ಮ ಮತ್ತು ಬಾಯೊಳಗಿನ ಪೊರೆಯಿಂದಲೇ ಉಸಿರಾಟ. ಚರ್ಮ ಒಣಗಿತೆಂದರೆ ಉಸಿರೇ ನಿಂತಂತೆ. ಹಾಗಾಗಿ ನೆಲದ ಮೇಲಿನವು ಹಗಲು ಕೊಳೆತ ಮರ, ಎಲೆರಾಶಿ, ಕಲ್ಲಿನಡಿ ಸೇರಿ, ರಾತ್ರಿ ಇಲ್ಲವೇ ಮಳೆ ಬಿದ್ದ ಮೇಲೆ ಹೊರಬರುತ್ತವೆ. ನಿಮಗೆ ಮೆಚ್ಚಿಗೆಯಾದ ಆಕ್ಸೊಲಾಟಲ್ ತಂಪು ನೀರಿನ ಪ್ರಾಣಿ, 16ರಿಂದ 18 ಡಿಗ್ರಿ ಅದಕ್ಕೆ ಹಿತ. ಮೇ ತಿಂಗಳಲ್ಲಿ 40 ದಾಟುವ ನಮ್ಮ ಕಲಬುರಗಿಯ ಬಂಡೆಯ ಮೇಲೆ ಸಲಮಾಂಡರ್ ಮಲಗಿಸುವ ಮುಂಚೆ ಈ ಚರ್ಮದ ಬಗ್ಗೆ ಯೋಚಿಸಬೇಕಿತ್ತು.

ಹಾಗಾದರೆ ಚಿಂಚೋಳಿಯಲ್ಲಿ ನೀವು ಕಂಡದ್ದೇನು? ಕೆಂಪು ಬಾಲ, ನಯವಾದ ಮೈ ಎಂದಿದ್ದೀರಿ. ಬಹುಶಃ ಹಾವುರಾಣಿಯ ಮರಿ. ಚುಕ್ಕೆ ಹಾವುರಾಣಿಯ ಮರಿಗಳ ಬಾಲ ಕೆಂಪಗಿರುತ್ತದೆ. ಅದರ ಹುರುಪೆಗಳು ಮಿರುಗುವುದರಿಂದ ದೂರಕ್ಕೆ ಒದ್ದೆ ಚರ್ಮದಂತೆ ಕಾಣುತ್ತದೆ. ಹತ್ತಿರದಿಂದ ಮೂರು ಕಡೆ ನೋಡಿದರೆ ಅನುಮಾನ ಉಳಿಯದು. ಮುಂಗಾಲಿನಲ್ಲಿ ಐದು ಬೆರಳಿದ್ದರೆ ಹಾವುರಾಣಿ, ಸಲಮಾಂಡರ್‌ಗೆ ಅಲ್ಲಿ ಹೆಚ್ಚೆಂದರೆ ನಾಲ್ಕೇ. ಹಾವುರಾಣಿಯ ಬೆರಳ ತುದಿಯಲ್ಲಿ ಉಗುರು ಇರುತ್ತದೆ, ಕಣ್ಣಿನ ಹಿಂದೆ ಕಿವಿಯ ತೂತು ಇರುತ್ತದೆ. ಸಲಮಾಂಡರ್‌ಗೆ ಕಿವಿಯ ತೂತಿಲ್ಲ, ಉಗುರೂ ಒಂದೆರಡು ಕುಲ ಬಿಟ್ಟರೆ ಇಲ್ಲ. ಹಾವುರಾಣಿ ಸರೀಸೃಪ, ಸಲಮಾಂಡರ್ ಕಪ್ಪೆಯ ಬಳಗದ ಉಭಯವಾಸಿ. ಬಾಲವಿರುವ ಉದ್ದ ಮೈ ಬಿಟ್ಟರೆ ಹಲ್ಲಿಗೂ ಅದಕ್ಕೂ ಹತ್ತಿರದ ನಂಟಿಲ್ಲ.

ಬೀದರಿನ ಸುರಂಗ ಬಾವಿಗಳಲ್ಲಿ 'ಕುರುಡು ಸಲಮಾಂಡರ್ ಅಡಗಿರಬಹುದು' ಎಂಬ ಸಾಲನ್ನು ಹೊಡೆದು ಹಾಕಿದ್ದೇನೆ. ಓಲ್ಮ್ ಎಂಬ ಕುರುಡು ಸಲಮಾಂಡರ್ ಇರುವುದು ಬಾಲ್ಕನ್ ಸೀಮೆಯ ಸುಣ್ಣಕಲ್ಲಿನ ಗುಹೆನೀರಿನಲ್ಲಿ. ಗುಹೆಯ ಪ್ರಾಣಿ ಹುಟ್ಟಬೇಕಾದರೆ ಮೊದಲು ಮೇಲ್ನೆಲದಲ್ಲಿ ಅದರ ಪೂರ್ವಜರಿರಬೇಕು, ಆಮೇಲೆ ಲಕ್ಷಾಂತರ ವರ್ಷ ಬೇಕು. ಬಹಮನಿ ಕಾಲದಲ್ಲಿ ತೋಡಿದ ಸುರಂಗಕ್ಕೆ ಇವೆರಡೂ ಇಲ್ಲ.

ಮರುಬೆಳವಣಿಗೆಯ ಪ್ಯಾರಾ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಅಲ್ಲಿ ಹೀಗಿದೆ: 'ಹಲ್ಲಿಯ ಬಾಲದಂತೆ ಸಲಮಾಂಡರ್‌ನ ಕಾಲು ಕೂಡ ಅದ್ಭುತವಾಗಿ, ವಿಸ್ಮಯಕಾರಿಯಾಗಿ ಮತ್ತೆ ಬೆಳೆಯುತ್ತದೆ.'

'ಹಲ್ಲಿಯ ಬಾಲದಂತೆ' ಅಲ್ಲವೇ ಅಲ್ಲ. ಹಲ್ಲಿಯ ಹೊಸ ಬಾಲದೊಳಗೆ ಬೆನ್ನುಮೂಳೆಯ ಮಣಿಗಳು ಬರುವುದಿಲ್ಲ, ಮೃದ್ವಸ್ಥಿಯ ಒಂದು ಕೊಳವೆ ಬರುತ್ತದೆ. ಕಾಲು ತುಂಡಾದರಂತೂ ಹಲ್ಲಿಗೆ ಗಾಯ ಮಾಯುತ್ತದೆಯೇ ಹೊರತು ಹೊಸ ಕಾಲು ಬರುವುದಿಲ್ಲ. ಸಲಮಾಂಡರ್‌ಗೆ ಮೂಳೆ, ಸ್ನಾಯು, ನರ, ರಕ್ತನಾಳ, ಬೆರಳುಗಳು ಎಲ್ಲವೂ ಹಿಂದಿನ ಕ್ರಮದಲ್ಲೇ ಬರುತ್ತವೆ. ನೀವು ಹೋಲಿಸಿದ ಜಾಗದಲ್ಲೇ ಮುಖ್ಯ ವ್ಯತ್ಯಾಸವಿದೆ.

'ಅದ್ಭುತವಾಗಿ, ವಿಸ್ಮಯಕಾರಿಯಾಗಿ' ಎಂಬ ಎರಡು ಪದ ತೆಗೆದು, ನಡೆಯುವುದನ್ನು ಅನುಕ್ರಮವಾಗಿ ಹೇಳಿ. ಕಾಲು ತುಂಡಾದ ಒಂದು ದಿನದೊಳಗೆ ಅಂಚಿನ ಚರ್ಮಕೋಶಗಳು ಹರಿದುಬಂದು ಗಾಯವನ್ನು ಮುಚ್ಚುತ್ತವೆ. ಗಾಯಕ್ಕೆ ಕಲೆ ಕಟ್ಟುವುದಿಲ್ಲ. ಆ ಹೊದಿಕೆ ದಪ್ಪಗಾಗಿ, ಅದರಡಿ ಕೋಶಗಳು ಸೇರಿ ಮೊಗ್ಗಿನಂಥ ಗಡ್ಡೆಯಾಗುತ್ತದೆ, ಇದೇ ಬ್ಲಾಸ್ಟೀಮಾ. ನರ ಅಲ್ಲಿಗೆ ಬರಲೇಬೇಕು. ನರ ಕತ್ತರಿಸಿದ ಕಾಲಿನಲ್ಲಿ ಮೊಗ್ಗು ಬೆಳೆಯದೆ ನಿಂತುಬಿಡುತ್ತದೆ. ಮೊಗ್ಗಿಗೆ ತಾನು ಎಲ್ಲಿದ್ದೇನೆ ಎಂಬುದೂ ಗೊತ್ತಿರುತ್ತದೆ: ಮಣಿಕಟ್ಟಿನಲ್ಲಿ ತುಂಡಾದರೆ ಅಂಗೈ ಮಾತ್ರ, ತೋಳಿನಲ್ಲಿ ತುಂಡಾದರೆ ಮುಂದೋಳು, ಅಂಗೈ ಎಲ್ಲವೂ. ಎಳೆಯ ಆಕ್ಸೊಲಾಟಲ್‌ಗೆ ಇದು ವಾರಗಳ ಕೆಲಸ, ನೆಲವಾಸಿ ದೊಡ್ಡ ಸಲಮಾಂಡರ್‌ಗೆ ತಿಂಗಳುಗಟ್ಟಲೆ. ನ್ಯೂಟ್ ಎಂಬ ಸಲಮಾಂಡರ್‌ನಲ್ಲಿ ಹಳೆಯ ಸ್ನಾಯುವಿನ ಎಳೆಗಳೇ ಕಳಚಿ ಮತ್ತೆ ಕೋಶಗಳಾಗುತ್ತವೆ, ಆಕ್ಸೊಲಾಟಲ್‌ನಲ್ಲಿ ಸ್ನಾಯುವಿನ ಪಕ್ಕದ ಮೀಸಲು ಕೋಶಗಳು ಆ ಕೆಲಸ ಮಾಡುತ್ತವೆ. ನ್ಯೂಟ್‌ನ ಕಣ್ಣಿನ ಮಸೂರ ತೆಗೆದರೆ ಪಾಪೆಯ ಮೇಲಂಚಿನ ಬಣ್ಣದ ಕೋಶಗಳಿಂದ ಹೊಸ ಮಸೂರ ಹುಟ್ಟುತ್ತದೆ. ಇಟಲಿಯ ವಿಜ್ಞಾನಿ ಸ್ಪಲ್ಲಾಂಜಾನಿ 1768ರಲ್ಲೇ ಸಲಮಾಂಡರ್ ಕಾಲು ಮತ್ತೆ ಬೆಳೆಯುವುದನ್ನು ವರದಿ ಮಾಡಿದ್ದ. ಇಷ್ಟನ್ನು ಹೇಳಿದ ಮೇಲೆ ಓದುಗರೇ ಬೆರಗಾಗುತ್ತಾರೆ, ನೀವು ಹೇಳಿಕೊಡಬೇಕಿಲ್ಲ.

ನಾನು ಕೆಲಸ ಕಲಿಯುವಾಗ ನನ್ನ ಹಿರಿಯ ಸಂಪಾದಕರು ಹಸ್ತಪ್ರತಿಯಲ್ಲಿ ಇಂಥ ಪದಗಳಿಗೆಲ್ಲ ಕೆಂಪು ಸುತ್ತು ಹಾಕಿ, ಬದಿಗೆ 'ಹೇಗೆ?' ಎಂದಷ್ಟೇ ಬರೆಯುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಬರೆದರೆ ಪ್ಯಾರಾ, ಬರೆಯಲಾಗದಿದ್ದರೆ ವಾಕ್ಯವೇ ರದ್ದು. ನಿಮ್ಮ ಹಾಳೆಗಳ ಮೇಲೂ ಅದನ್ನೇ ಮಾಡಿ ಕಳಿಸುತ್ತಿದ್ದೇನೆ.

ಸಂತಾನದ ಸಾಲಿಗೂ ಸುತ್ತು ಬಿದ್ದಿದೆ: 'ಗಂಡು ಹೆಣ್ಣು ಕೂಡಿದ ಬಳಿಕ ಹೆಣ್ಣು ಮೊಟ್ಟೆ ಇಡುತ್ತದೆ.' ಇಲ್ಲೂ ಹಲ್ಲಿ ಬಂದು ಕೂತಿದೆ. ಹೆಚ್ಚಿನ ಸಲಮಾಂಡರ್‌ಗಳಲ್ಲಿ ಗಂಡು ವೀರ್ಯದ ಒಂದು ಪೊಟ್ಟಣವನ್ನು ನೆಲದ ಮೇಲೋ ಕೊಳದ ತಳದಲ್ಲೋ ಇಡುತ್ತದೆ, ಹೆಣ್ಣು ಅದರ ಮೇಲೆ ಬಂದು ಎತ್ತಿಕೊಳ್ಳುತ್ತದೆ. ಯುರೋಪಿನ ನ್ಯೂಟ್ ಗಂಡು ಅದಕ್ಕೂ ಮುಂಚೆ ಹೆಣ್ಣಿನ ಎದುರು ನಿಂತು ಬಾಲ ಬಡಿದು ತನ್ನ ವಾಸನೆಯನ್ನು ನೀರಿನಲ್ಲಿ ಅದರತ್ತ ತಳ್ಳುತ್ತದೆ. ಆಮೇಲೆ ಹೆಣ್ಣು ಒಂದೊಂದೇ ಮೊಟ್ಟೆಯನ್ನು ನೀರುಗಿಡದ ಎಲೆಯಲ್ಲಿ ಮಡಚಿಡುತ್ತದೆ. ದೈತ್ಯ ಸಲಮಾಂಡರ್‌ಗಳಲ್ಲಿ, ಇನ್ನು ಕೆಲವು ಗುಂಪುಗಳಲ್ಲೂ, ಗರ್ಭಧಾರಣೆ ಮೈಯ ಹೊರಗೆ, ನೀರಿನಲ್ಲಿ. ದೈತ್ಯ ಸಲಮಾಂಡರ್‌ಗಳಲ್ಲಿ ಬಿಲ ಕಾಯುವುದು ಗಂಡು. ಆಲ್ಪ್ಸ್‌ನ ಕರಿ ಸಲಮಾಂಡರ್ ಎರಡು ವರ್ಷವೋ ಅದಕ್ಕಿಂತ ಹೆಚ್ಚೋ ಹೊತ್ತು ಪೂರ್ಣ ರೂಪದ ಮರಿಗಳನ್ನೇ ಹೆರುತ್ತದೆ. ಮರಿಯ ವಿಷಯ ಬಂದಾಗ ನಮ್ಮ ಕೆರೆಯ ಗೊದಮೊಟ್ಟೆಯ ಜೊತೆ ಹೋಲಿಸಿ. ಗೊದಮೊಟ್ಟೆಗೆ ಮೊದಲು ಕಾಣುವುದು ಹಿಂಗಾಲು, ಸಲಮಾಂಡರ್ ಮರಿಗೆ ಮುಂಗಾಲು. ಗೊದಮೊಟ್ಟೆ ಹೆಚ್ಚಾಗಿ ಪಾಚಿ ಕೆರೆದು ತಿನ್ನುತ್ತದೆ, ಸಲಮಾಂಡರ್ ಮರಿ ಮೊದಲಿಂದಲೂ ಬೇಟೆಗಾರ, ಕತ್ತಿನ ಬದಿಗೆ ಗರಿಯಂಥ ಕಿವಿರುಗಳಿರುತ್ತವೆ.

ಶೀರ್ಷಿಕೆಯ ಬೆಂಕಿಯನ್ನೂ ತೆಗೆಯಿರಿ. ಕೊಳೆತ ದಿಮ್ಮಿಯೊಳಗೆ ಮಲಗಿದ್ದ ಪ್ರಾಣಿ, ದಿಮ್ಮಿ ಒಲೆಗೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊರಗೋಡಿದ್ದನ್ನು ಕಂಡು ಹುಟ್ಟಿದ ನಂಬಿಕೆ ಅದು ಎನ್ನುತ್ತಾರೆ. ಬೆಂಕಿಯಲ್ಲಿ ಬಿದ್ದರೆ ಅದು ಸಾಯುತ್ತದೆ.

ರೋಗ ಮತ್ತು ಸಂರಕ್ಷಣೆಯ ಪ್ಯಾರಾಗಳನ್ನು ಈ ಸಲ ಮುಟ್ಟಿಲ್ಲ. ಎರಡನೇ ಪ್ಯಾರಾ, ಮರುಬೆಳವಣಿಗೆ, ಸಂತಾನ, ಈ ಮೂರನ್ನು ಹೊಸದಾಗಿ ಬರೆದು ಮುಂದಿನ ತಿಂಗಳ 10ರೊಳಗೆ ಕಳಿಸಿ. ಚಿಂಚೋಳಿಯ ಆ ಪ್ರಾಣಿಯ ಫೋಟೊ ನಿಮ್ಮಲ್ಲಿದ್ದರೆ ಅದೂ ಇರಲಿ, ಮುಂಗಾಲೂ ಕಿವಿಯ ಜಾಗವೂ ಕಾಣುವಂಥದ್ದು. ಚುಕ್ಕೆ ಹಾವುರಾಣಿಯೇ ಎಂದಾದರೆ ಅದರ ಬಗ್ಗೆ ಎರಡು ಪುಟ ಬೇರೆಯಾಗಿ ಬರೆಯಿರಿ, ಜಾಗ ಕೊಡುತ್ತೇನೆ.