9-3 ಅಲಬಾಮಾಗೆ ನಿಜವಾಗಲೂ ಅನ್ಯಾಯ ಆಯ್ತಾ?
2024ರ ಅಮೆರಿಕನ್ ಕಾಲೇಜ್ ಫುಟ್‌ಬಾಲ್‌ನಲ್ಲಿ 11-1 (11 ಗೆಲುವು, 1 ಸೋಲು) ಇಂಡಿಯಾನಾವನ್ನು ಪ್ಲೇಆಫ್‌ಗೆ, ಅಂದ್ರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಹಂತಕ್ಕೆ, ಸೇರಿಸಿ, ಕಷ್ಟದ ಪಂದ್ಯಗಳನ್ನಾಡಿದ 9-3 ಅಲಬಾಮಾವನ್ನು ಬಿಟ್ಟಿದ್ದು ಸರಿನಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸರಿ. ಅಲಬಾಮಾ ಇರುವ ಎಸ್‌ಇಸಿ ಗಟ್ಟಿ ಕಾನ್ಫರೆನ್ಸ್ (ತಂಡಗಳ ಗುಂಪು), ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲಬಾಮಾ ಸೋತಿದ್ದು ಬರೀ ಘಟಾನುಘಟಿಗಳಿಗಲ್ಲ. ವಾಂಡರ್‌ಬಿಲ್ಟ್ ಕೈಲಿ 40-35, ಆಮೇಲೆ ನವೆಂಬರ್‌ನಲ್ಲಿ ಓಕ್ಲಹೋಮಾ ಎದುರು 24-3, ಒಂದೇ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸೋದು) ಕೂಡ ಇಲ್ಲ. ಅದರ ಹಿಂದಿನ ವಾರ ಮರ್ಸರ್ ಥರದ ಸಣ್ಣ ತಂಡವನ್ನು ಮನೆಗೆ ಕರೆಸಿ 52-7 ಬಡಿದಿದ್ದರು, ಆ ಸುಲಭದ ಗೆಲುವೂ 9ರ ಲೆಕ್ಕಕ್ಕೆ ಸೇರುತ್ತೆ! ಆಗ ಎಸ್‌ಇಸಿಯವರು ಕಾನ್ಫರೆನ್ಸ್ ಒಳಗೆ ಆಡುತ್ತಿದ್ದದ್ದು 8 ಪಂದ್ಯ, ಇಂಡಿಯಾನಾ ಇರುವ ಬಿಗ್ ಟೆನ್ ಕಾನ್ಫರೆನ್ಸ್‌ನವರು 9. ಇಂಡಿಯಾನಾ ವೇಳಾಪಟ್ಟಿ ಸಪ್ಪೆ ಅನ್ನೋದು ನಿಜ, ಒಹಾಯೊ ಸ್ಟೇಟ್ ಮುಂದೆ 38-15ರಲ್ಲಿ ಮಕಾಡೆ ಮಲಗಿತು. ಆದರೆ ಪ್ಲೇಆಫ್‌ನಲ್ಲಿ ಅದೇ ಒಹಾಯೊ ಸ್ಟೇಟ್ ಕೈಲಿ 42-17ಕ್ಕೆ ಉರುಳಿದ ಟೆನೆಸೀ ಎಸ್‌ಇಸಿ ತಂಡವೇ ಅಲ್ವಾ?